‘ಸತತ’, ‘ನಿರಂತರ’, ‘ಎಡೆಬಿಡದೆ’: ಇವುಗಳ ಮೂಲಾರ್ಥವೇನು?

ಪ್ರಶ್ನೆ (ಕನ್ನಡ ಶಿಕ್ಷಕಿ, ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಶಾಲೆಗಳಿಗೆ ರಜೆ ಸಾರಿದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ದಿನ ‘ಸತತ ಮಳೆ’, ಮರುದಿನ ‘ನಿರಂತರ ಮಳೆ’, ಇನ್ನೊಂದು ದಿನ ‘ಧಾರಾಕಾರ ಮಳೆ’ ಎಂದು ಬರುತ್ತದೆ. ಇವೆಲ್ಲ ಒಂದೇ ಆದರೆ ಇಷ್ಟು ಪದಗಳೇಕೆ ಎಂದು 9ನೆಯ ತರಗತಿಯ ಮಕ್ಕಳು ಕೇಳುತ್ತಿದ್ದಾರೆ. ಸಮಾನಾರ್ಥಕಗಳು ಎಂದು ಹೇಳಿ ಮುಗಿಸಿಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ‘ನಂದಾದೀಪ’ವು ‘ಆನಂದ’ಕ್ಕೆ ಸಂಬಂಧಿಸಿದ ಪದವೆಂದು ಒಬ್ಬ ಹುಡುಗಿ ಬರೆದಿದ್ದಾಳೆ, ಅದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಸಂಸ್ಕೃತ ಅಧ್ಯಾಪಕ, ವಿರಾಜಪೇಟೆ)

ಮೇಡಂ, ಮಕ್ಕಳು ಕೇಳಿರುವುದು ಬಹಳ ಒಳ್ಳೆಯ ಪ್ರಶ್ನೆ. ಸಂಸ್ಕೃತದ ಸಮಾನಾರ್ಥಕ ಪದಕೋಶವಾದ ಅಮರಕೋಶದ ಸ್ವರ್ಗವರ್ಗ ಎಂಬ ಭಾಗದಲ್ಲಿ ಈ ಅರ್ಥದ 9 ಪದಗಳು ಸಾಲಾಗಿ ಬರುತ್ತವೆ: ಸತತ, ಅನಾರತ, ಅಶ್ರಾಂತ, ಸಂತತ, ಅವಿರತ, ಅನಿಶ, ನಿತ್ಯ, ಅನವರತ, ಅಜಸ್ರ. ವಾಯುವಿನ ಹೆಸರುಗಳು ಮುಗಿದು, ವೇಗವನ್ನು ಹೇಳುವ ಪದಗಳೂ ಆದ ಬೆನ್ನಿಗೇ ಇವು ಬರುವುದು ನನಗೆ ಬಹಳ ಹಿಡಿಸಿದ ಸಂಗತಿ. ಯಾವಾಗಲೂ ಚಲಿಸುತ್ತಿರುವವನೆಂಬ ಅರ್ಥದಲ್ಲಿ ವಾಯುವಿಗೆ ‘ಸದಾಗತಿ’ ಎಂಬ ಹೆಸರೂ ಅಲ್ಲಿದೆ.

ಈ 9ರಲ್ಲಿ 6 ಪದಗಳು ಏನನ್ನಾದರೂ ಅಲ್ಲಗಳೆದು ಹುಟ್ಟಿದವು. ‘ರಮ್’ ಧಾತುವಿಗೆ ವಿ, ಆ, ಅವ ಎಂಬ ಉಪಸರ್ಗಗಳು ಸೇರಿದಾಗ ನಿಲ್ಲುವ ಅರ್ಥ ಬರುತ್ತದೆ. ನಾವು ದಿನವೂ ಬಳಸುವ ‘ವಿರಾಮ’ವೂ ಅಲ್ಲಿಂದಲೇ ಬಂದದ್ದು. ಅದರ ನಿಷೇಧವೇ ಅವಿರತ, ಅನಾರತ, ಅನವರತ. ದಣಿಯದ್ದು ಅಶ್ರಾಂತ, ಬಳಲಿಕೆಯನ್ನು ಹೇಳುವ ‘ಜಸ್’ ಧಾತುವಿನಿಂದ ಅಜಸ್ರ, ರಾತ್ರಿಯಾಯಿತೆಂದು ನಿಲ್ಲದ್ದು ಅನಿಶ. ಈ ಸಾಲಿನಲ್ಲಿಲ್ಲದ ‘ನಿರಂತರ’ವೂ ಇದೇ ಬಗೆಯದು: ಅಂತರವಿಲ್ಲದ್ದು.

‘ಸತತ’ದ ದಾರಿಯೇ ಬೇರೆ. ಅದರ ಮೂಲ ‘ತನ್’, ಎಂದರೆ ಹರಡು, ಚಾಚು. ತಂತು, ಸಂತತಿ, ಸಂತಾನ ಇವೆಲ್ಲ ಅದರ ಬಳಗ. ‘ಸಂ’ ಎಂಬುದರ ಮಕಾರ ‘ತತ’ದ ಮುಂದೆ ವಿಕಲ್ಪವಾಗಿ ಲೋಪವಾಗುವುದರಿಂದ ಸಂತತ, ಸತತ ಎರಡೂ ಸರಿ, ಸಂಹಿತ, ಸಹಿತ ಎಂಬ ಜೋಡಿಯೂ ಹೀಗೆಯೇ. ಒಂದರ ಹಿಂದೊಂದು ಎಳೆಯಾಗಿ ಸಾಗುವ ಅರ್ಥವಿರುವುದರಿಂದಲೇ ನಾವು ‘ಸತತ ಎರಡನೆಯ ವರ್ಷ’ ಎನ್ನುತ್ತೇವೆ, ‘ನಿರಂತರ ಎರಡನೆಯ ವರ್ಷ’ ಎನ್ನುವುದಿಲ್ಲ. ದಿನ ಬಿಡದೆ ಬಂದರೂ ನಡುನಡುವೆ ಹೊಳವಾಗುವ ಮಳೆಗೆ ‘ಸತತ’ವೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ (ಕಾಫಿ ಬೆಳೆಗಾರ, ನಾಪೋಕ್ಲು)

ಮೇಷ್ಟ್ರು ಸಂಸ್ಕೃತದ ಕಡೆಯಿಂದ ವಿವರಿಸಿದ್ದಾರೆ, ಕನ್ನಡದ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ. ‘ಎಡೆ’ ಎಂದರೆ ಜಾಗ, ನಡುವಿನ ತೆರವು. ಆ ತೆರವನ್ನು ಬಿಡದೆ ಸುರಿದರೆ ಅದು ‘ಎಡೆಬಿಡದ’ ಮಳೆ. ‘ಎಡೆತೆರಪಿಲ್ಲದೆ’ ಎಂಬುದರ ತೆರಪೂ ‘ತೆರೆ’ ಎಂಬ ಕ್ರಿಯಾಪದದ್ದೇ. ನಮ್ಮ ಮಾತಿನಲ್ಲಿ ಮಳೆ ‘ಹಿಡಿಯುತ್ತದೆ’, ಮಳೆ ‘ಬಿಡುತ್ತದೆ’. ಕೆಲಸಕ್ಕೆ ‘ಬಿಡುವಿಲ್ಲ’ ಎನ್ನುವಾಗಲೂ ಅದೇ ‘ಬಿಡು’ ಇದೆ. ‘ಧಾರಾಕಾರ’ವನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು. ಧಾರೆಯ ಆಕಾರದಲ್ಲಿ ಬೀಳುವುದೆಂದಷ್ಟೇ ಅದರ ಅರ್ಥವಾದ್ದರಿಂದ ಅರ್ಧ ಗಂಟೆ ಸುರಿದು ನಿಂತ ಮಳೆಯೂ ಧಾರಾಕಾರವಾಗಿರಬಹುದು. ಸೋನೆ ಮಳೆ ಇದಕ್ಕೆ ತದ್ವಿರುದ್ಧ: ಹನಿ ಸಣ್ಣದು, ಆದರೆ ಬೇಗ ಬಿಡುವುದಲ್ಲ. ತಮಿಳಿನಲ್ಲಿಯೂ ‘ಸೋನೈ’ ಎಂದರೆ ಬಿಡದೆ ಹನಿಯುವ ಮಳೆ.

ನಂದಾದೀಪದಲ್ಲಿ ಆನಂದವಿಲ್ಲ. ‘ದೀಪ ನಂದಿತು’, ‘ಬೆಂಕಿ ನಂದಿಸಿದರು’ ಎನ್ನುವಾಗಿನ ‘ನಂದು’ ಎಂಬ ಕ್ರಿಯಾಪದದ ನಿಷೇಧರೂಪ ಅಲ್ಲಿದೆ; ಆರದ ದೀಪ, ನಂದದ ದೀಪ ಎಂದು ಅರ್ಥ. ತಮಿಳು ಶಾಸನಗಳಲ್ಲಿ ದೇವಾಲಯಕ್ಕೆ ಬಿಟ್ಟ ಇಂಥ ದೀಪವನ್ನು ‘ನಂದಾವಿಳಕ್ಕು’ ಎಂದಿರುವುದರಿಂದ ಇದು ದ್ರಾವಿಡ ಪದವೆಂಬುದಕ್ಕೆ ಬಲವಾದ ಆಧಾರವೂ ಸಿಗುತ್ತದೆ. ಸಂಸ್ಕೃತದ ‘ನಂದ’ದ ಜೊತೆ ಧ್ವನಿ ಕೂಡಿಬಂದದ್ದರಿಂದ ಆ ಹುಡುಗಿಗೆ ಹಾಗೆ ತೋರಿರಬೇಕು, ಅವಳು ಪದವನ್ನು ಬಿಡಿಸಿ ನೋಡಿದ್ದು ಮೆಚ್ಚತಕ್ಕದ್ದು.

ಉತ್ತರ (ಗ್ರಂಥಾಲಯ ಸಿಬ್ಬಂದಿ, ಮಡಿಕೇರಿ)

ಸರ್, ಆ 9 ಪದಗಳಲ್ಲಿ ‘ನಿತ್ಯ’ದ ಬಗ್ಗೆ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳುವುದು ಒಳ್ಳೆಯದು. ಸಂಸ್ಕೃತದಲ್ಲಿ ಅದು ಸದಾ ಇರುವುದನ್ನು ಹೇಳಿದರೂ ಇಂದಿನ ಕನ್ನಡದ ಬಳಕೆಯಲ್ಲಿ ‘ನಿತ್ಯ ಮಳೆ’ ಎಂದರೆ ದಿನಾಲೂ ಬರುವ ಮಳೆ. ಸಂಜೆ ಒಂದು ಗಳಿಗೆ ಬಂದು ಹೋದರೂ ಅದು ನಿತ್ಯವೇ.