ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟಿದ್ದೇನೆ, ಟೈಮ್ ಲೆಕ್ಕ ಹೇಳಿಕೊಡಿ

ಕೇಳಿದವರು, ತುಮಕೂರಿನಿಂದ:
ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಬಾಣಂತನಕ್ಕೆ ಒಬ್ಬಳೇ ಹೋಗಬೇಕು, ದುಬೈಯಲ್ಲಿ ವಿಮಾನ ಬದಲಿಸಬೇಕು. ಇಂಗ್ಲಿಷ್‌ನಲ್ಲಿ ಟೈಮ್ ಹೇಗೆ ಕೇಳುವುದು? ಅಲ್ಲಿಗೂ ನಮಗೂ ಎಷ್ಟು ಗಂಟೆ ವ್ಯತ್ಯಾಸ? ಹೋಗಿ ಬಂದವರು ಹೇಳಿ.

ಹಾಸನದಿಂದ:
ಅಕ್ಕಾ, ನಾನೂ ಮಗಳ ಬಾಣಂತನಕ್ಕೆ ಹೀಗೇ ಒಬ್ಬಳೇ ಹೋದವಳು. ಕೇಳುವುದಕ್ಕೆ 'ಎಕ್ಸ್‌ಕ್ಯೂಸ್ ಮಿ, ವಾಟ್ ಟೈಮ್ ಈಸ್ ಇಟ್?' ಅಂದರೆ ಸಾಕು. ಅವರು ಹೇಳಿದ್ದು ಅರ್ಥವಾಗುವುದೇ ಕಷ್ಟ. ನಾವು ಮುಗಿದ ಗಂಟೆಯಿಂದ ಎಣಿಸುತ್ತೇವೆ, ಆರೂ ಮುಕ್ಕಾಲು ಅನ್ನುತ್ತೇವೆ. ಅವರು ಬರಲಿರುವ ಏಳನ್ನು ಹಿಡಿದು 'ಕ್ವಾರ್ಟರ್ ಟು ಸೆವೆನ್' ಅನ್ನುತ್ತಾರೆ. ನನ್ನ ಕಿವಿಗೆ ಕ್ವಾರ್ಟರ್, ಸೆವೆನ್ ಅಷ್ಟೇ ಬಿತ್ತು. ಏಳೂ ಕಾಲು ಆಗಿಹೋಯಿತು, ವಿಮಾನ ತಪ್ಪಿತು ಅಂತ ಬ್ಯಾಗ್ ಎಳೆದುಕೊಂಡು ಓಡಿದೆ. ಅಳುವೇ ಬಂದಿತ್ತು. ಗೇಟಿನ ಹತ್ತಿರ ಹೋದರೆ ಇನ್ನೂ ಅರ್ಧ ಗಂಟೆ ಇತ್ತು!

'ಟು' ಅಂದರೆ ಆ ಗಂಟೆ ಇನ್ನೂ ಆಗಿಲ್ಲ. 'ಪಾಸ್ಟ್' ಅಂದರೆ ಆಗಿದೆ. 'ಹಾಫ್ ಪಾಸ್ಟ್ ಸಿಕ್ಸ್' ನಮ್ಮ ಆರೂವರೆಯೇ, ಅದರಲ್ಲಿ ತೊಂದರೆ ಇಲ್ಲ. ಅರ್ಥವಾಗದಿದ್ದರೆ ಮೊಬೈಲ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಬೋರ್ಡಿನಲ್ಲಿ 14:35 ಅಂತಿದ್ದರೆ 12 ಕಳೆಯಿರಿ, ಮಧ್ಯಾಹ್ನ 2:35.

ದುಬೈಯಿಂದ:
ದುಬೈ ನಮ್ಮ ದೇಶಕ್ಕಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಟೈಮ್. ಬೆಂಗಳೂರಿನಲ್ಲಿ 10ಕ್ಕೆ ಹತ್ತಿ ಇಲ್ಲಿ 12:30ಕ್ಕೆ ಇಳಿದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು ಗಂಟೆ. ಇಳಿದ ತಕ್ಷಣ ಕೈಗಡಿಯಾರ ತಿದ್ದಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಗಾಬರಿ.

ನ್ಯೂಜೆರ್ಸಿಯಿಂದ:
ಅಮ್ಮಾ, ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಅದಕ್ಕೇ ನಿಮಗೆ ಮೊದಲು ಬೆಳಗಾಗುತ್ತದೆ, ನಮಗೆ ಆಮೇಲೆ. 15 ಡಿಗ್ರಿ ತಿರುಗಲು ಒಂದು ಗಂಟೆ ಬೇಕು. ನಾವು ಅಷ್ಟು ದೂರ ಪಶ್ಚಿಮದಲ್ಲಿರುವುದರಿಂದ ವ್ಯತ್ಯಾಸ ಹತ್ತೂವರೆ ಗಂಟೆ. ಆದರೆ ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆ ನಡುವೆ ಒಂಬತ್ತೂವರೆ ಗಂಟೆ.

ಒಂದೇ ಜೋಡಿ ಬಾಯಿಪಾಠ ಮಾಡಿಕೊಳ್ಳಿ. ತುಮಕೂರಿನ ಸಂಜೆ ಏಳೂವರೆ ಅಂದರೆ ಇಲ್ಲಿ ಬೆಳಿಗ್ಗೆ 10, ಚಳಿಗಾಲದಲ್ಲಿ 9. ಅಲ್ಲಿಂದ ಕೂಡಿಸಿ, ಕಳೆದು ನೋಡಿದರಾಯಿತು. ತಾರೀಕನ್ನೂ ನೋಡಬೇಕು, ಅಲ್ವಾ? ಊರಿನಲ್ಲಿ ಯುಗಾದಿ ದಿನ ಬೆಳಿಗ್ಗೆ 6 ಗಂಟೆಗೆ ತೋರಣ ಕಟ್ಟುವಾಗ ಇಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಪ್ರಯಾಣದ ದಿನ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ, ಇದನ್ನು ಮಾತ್ರ ಮರೆಯಬೇಡಿ.

ನನ್ನ ಅಮ್ಮ ಇಲ್ಲಿಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಎರಡನೇ ಗಡಿಯಾರ ನೇತುಹಾಕಿದ್ದರು. ಅದಕ್ಕೆ ಇಲ್ಲಿನ ಟೈಮ್ ಇಟ್ಟಿದ್ದರು. ಅದಾದ ಮೇಲೆ ನಡುರಾತ್ರಿ ಫೋನ್ ಬರಲಿಲ್ಲ. ನಿಮ್ಮ ಮನೆಯವರಿಗೂ ಹೇಳಿ ಹೋಗಿ.