ನಾರ್ತ್ ಮೆಲ್ಬರ್ನ್ ಅಂದರೆ ಪ್ರಾಣ ಬಿಡುವ ಮಗನಿಗೆ ಏನು ಹೇಳಲಿ?

ಕೇಳಿದವರು: ಕೆನ್ಸಿಂಗ್ಟನ್‌ನಲ್ಲಿರುವ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿ ಫೂಟಿ (ಆಸ್ಟ್ರೇಲಿಯಾದ ಫುಟ್‌ಬಾಲ್) ನೋಡುವ ಕನ್ನಡಿಗರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ನನ್ನ ಮಗನಿಗೆ 11 ವರ್ಷ. ಆರ್ಡನ್ ಸ್ಟ್ರೀಟ್ ಮೈದಾನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮಕ್ಕಳಿಗೆ ಫೂಟಿ ಕಲಿಸುವ ಆಸ್‌ಕಿಕ್‌ಗೆ ಸೇರಿಸಿದ ವರ್ಷದಿಂದಲೇ ಅವನು ನಾರ್ತ್ ಮೆಲ್ಬರ್ನ್ ಕ್ಲಬ್ಬಿನ ಹುಡುಗ. ನೀಲಿ ಬಿಳಿ ಪಟ್ಟೆಯ ಜಂಪರ್ ಹಾಕಿಕೊಂಡೇ ಮಲಗುತ್ತಾನೆ. ಆದರೆ ಅವನಿಗೆ ತಿಳಿವಳಿಕೆ ಬಂದಾಗಿನಿಂದ ಟೀಮ್ ಗೆದ್ದದ್ದೇ ಅಪರೂಪ. 2020ರಿಂದ ಲೆಕ್ಕ ಹಾಕಿದರೆ ವರ್ಷಕ್ಕೆ 3, 4, 2, 3, 3 ಗೆಲುವು. 2025ರಲ್ಲಿ 5. ಕೊನೆಯ ಸಲ ಫೈನಲ್ಸ್ (ಮೇಲಿನ ಸ್ಥಾನದ ಟೀಮ್‌ಗಳು ಕಪ್‌ಗಾಗಿ ಆಡುವ ಕೊನೆಯ ಹಂತ) ಆಡಿದ್ದು 2016ರಲ್ಲಿ. ಶಾಲೆಯಲ್ಲಿ ಕಾಲಿಂಗ್‌ವುಡ್, ಕಾರ್ಲ್‌ಟನ್ ಟೀಮಿನ ಕಡೆಯ ಮಕ್ಕಳು ರೇಗಿಸುತ್ತಾರೆ. ಈ ವರ್ಷ ಎರಡು ಸಲ ಅಳುತ್ತಾ ಮನೆಗೆ ಬಂದ.

ನಮ್ಮ ಯಜಮಾನರು ಬೇರೆ ಟೀಮ್ ಆರಿಸಿಕೋ ಅಂತಾರೆ. ಮೈದುನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಈ ಕ್ಲಬ್ಬನ್ನು ಇವತ್ತಲ್ಲ ನಾಳೆ ಬೇರೆ ಊರಿಗೆ ಕಳಿಸುತ್ತಾರೆ, ಇಲ್ಲ ಇನ್ನೊಂದರ ಜೊತೆ ಸೇರಿಸುತ್ತಾರೆ" ಅಂದರು. ಮಗ ಅದನ್ನು ಕೇಳಿಸಿಕೊಂಡುಬಿಟ್ಟ. ಆವತ್ತು ರಾತ್ರಿ ಊಟ ಮಾಡಲಿಲ್ಲ.

ಮೆಂಬರ್‌ಶಿಪ್ ರಿನ್ಯೂ ಮಾಡುವ ಸಮಯ ಬಂದಿದೆ. ಮಾಡಲಾ? ಈ ಕ್ಲಬ್ ನಿಜವಾಗಿ ಉಳಿಯುತ್ತಾ? ಸೋಲುವ ಟೀಮಿನ ಜೊತೆ ಮಗುವನ್ನು ಬೆಳೆಸಿದವರು ಏನು ಮಾಡಿದಿರಿ?

ಮೂನಿ ಪಾಂಡ್ಸ್‌ನಿಂದ, 2005ರಲ್ಲಿ ಇಲ್ಲಿಗೆ ಬಂದವರು

ಮೊದಲು ನಿಮ್ಮ ಮೈದುನರ ಮಾತಿಗೆ ಉತ್ತರ ಹೇಳುತ್ತೇನೆ ಮೇಡಂ. ಅವರು ಹೇಳಿದ್ದು ಹೊಸದೇನಲ್ಲ. 2007ರಲ್ಲಿ ಅದು ನಿಜವಾಗುವ ಹಂತಕ್ಕೇ ಬಂದಿತ್ತು. ನಾನು ಕಣ್ಣಾರೆ ನೋಡಿದ್ದೇನೆ.

ಆಗ ನಾನು ವಿದ್ಯಾರ್ಥಿ. ಎರೋಲ್ ಸ್ಟ್ರೀಟ್‌ನ ಒಂದು ಅಂಗಡಿಯಲ್ಲಿ ಸಂಜೆ ಹೊತ್ತು ಕೆಲಸ ಮಾಡುತ್ತಿದ್ದೆ. ಫೂಟಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಆ ವರ್ಷ ಫೂಟಿ ನಡೆಸುವ ಲೀಗ್ (ಎಎಫ್‌ಎಲ್) ಈ ಕ್ಲಬ್ಬಿಗೆ ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್‌ಗೆ ಹೋಗಿ ಅಂತ ಹೇಳಿತು. ಹೋದರೆ ಸುಮಾರು 10 ಕೋಟಿ ಡಾಲರ್‌ನಷ್ಟು ನೆರವು. ಕ್ಲಬ್ಬಿನ ಕೈಯಲ್ಲಿ ದುಡ್ಡಿರಲಿಲ್ಲ, ಸಾಲ ಇತ್ತು. 1999ರಿಂದ ಹೆಸರಿನಲ್ಲಿ ಊರನ್ನೇ ಬಿಟ್ಟು ಬರೀ "ಕಾಂಗರೂಸ್" ಅಂತ ಕರೆದುಕೊಳ್ಳುತ್ತಿದ್ದರು. ತವರಿನ ಪಂದ್ಯಗಳನ್ನು ಸಿಡ್ನಿ, ಕ್ಯಾನ್‌ಬೆರಾ ಅಂತ ಹೊರಗೆ ಆಡುತ್ತಿದ್ದರು. ಹಾಗಾಗಿ ಹೋಗೇ ಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಅಂಗಡಿಗೆ ದಿನಾ ಒಬ್ಬ ಅಜ್ಜಿ ಹಾಲು ತಗೊಳ್ಳಲು ಬರುತ್ತಿದ್ದರು. ಕುತ್ತಿಗೆಗೆ ನೀಲಿ ಬಿಳಿ ಸ್ಕಾರ್ಫ್. ಒಂದು ದಿನ ಕೌಂಟರ್ ಹತ್ತಿರ ನಿಂತು ಅತ್ತುಬಿಟ್ಟರು. ಗಂಡ ತೀರಿಕೊಂಡ ಮೇಲೆ ಶನಿವಾರ ಅಂದರೆ ತನಗೆ ಇದೊಂದೇ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬರೀ ಆಟ ಅಂದುಕೊಂಡಿದ್ದೆ, ಅಲ್ಲ ಅಂತ ಆವತ್ತು ಗೊತ್ತಾಯಿತು.

ಅಭಿಮಾನಿಗಳು ಗುಂಪು ಕಟ್ಟಿದರು, ಸಭೆ ಮಾಡಿದರು, ಷೇರು ಇದ್ದವರ ಮನೆಗೆ ಹೋಗಿ ಮಾತಾಡಿದರು. 2007ರ ಡಿಸೆಂಬರ್‌ನಲ್ಲಿ ಕ್ಲಬ್ಬಿನ ಬೋರ್ಡ್ ಒಲ್ಲೆ ಅಂದಿತು. ಜೇಮ್ಸ್ ಬ್ರೇಷಾ ಅಧ್ಯಕ್ಷರಾದರು. ನಾರ್ತ್ ಮೆಲ್ಬರ್ನ್ ಅನ್ನುವ ಹೆಸರು ವಾಪಸ್ ಬಂತು. ಹಳೇ ಆರ್ಡನ್ ಸ್ಟ್ರೀಟ್ ಕಟ್ಟಡದ ಜಾಗದಲ್ಲಿ ಹೊಸದು ಎದ್ದಿತು. ಆಮೇಲೆ ಸಾಲವೂ ತೀರಿತು. ಮೆಂಬರ್‌ಗಳ ಸಂಖ್ಯೆ 50 ಸಾವಿರ ದಾಟಿದ್ದು ಟೀಮ್ ತೀರಾ ಕೆಳಗಿದ್ದ ಈ ವರ್ಷಗಳಲ್ಲೇ. ಇದನ್ನು ನಿಮ್ಮ ಮಗನಿಗೆ ಖಂಡಿತ ಹೇಳಿ.

ಗೋಲ್ಡ್ ಕೋಸ್ಟ್‌ಗೆ ಲೀಗ್ ಆಮೇಲೆ ಹೊಸ ಟೀಮನ್ನೇ ಕಟ್ಟಿತು. ಸನ್ಸ್ 2011ರಲ್ಲಿ ಆಡಲು ಶುರು ಮಾಡಿದರು. ಅಷ್ಟೆಲ್ಲ ಬೆಂಬಲ ಇದ್ದೂ ಅವರು ಮೊದಲ ಸಲ ಫೈನಲ್ಸ್ ತಲುಪಿದ್ದು 2025ರಲ್ಲಿ. ಊರು ಬಿಟ್ಟು ಹೋದ ಕೂಡಲೇ ಗೆಲುವು ಬರುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಪಾಯಿಂಟ್ ಕುಕ್‌ನಿಂದ

ನನ್ನ ಅಭಿಪ್ರಾಯ ಬೇರೆ. ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ನಾನೂ ನಾರ್ತ್ ಮೆಂಬರ್, 12 ವರ್ಷದಿಂದ.

18 ಟೀಮ್‌ಗಳಲ್ಲಿ 9 ಮೆಲ್ಬರ್ನ್ ನಗರದಲ್ಲೇ ಇವೆ. ಜೀಲಾಂಗ್ ಸೇರಿದರೆ ವಿಕ್ಟೋರಿಯಾ ಒಂದರಲ್ಲೇ 10. ಅಷ್ಟಕ್ಕೂ ಸಾಕಾಗುವಷ್ಟು ಪ್ರಾಯೋಜಕರು, ಪ್ರೇಕ್ಷಕರು ಎಲ್ಲಿಂದ ಬರಬೇಕು? ಚಿಕ್ಕ ಕ್ಲಬ್‌ಗಳಿಗೆ ಲೀಗ್ ಜಾಸ್ತಿ ಪಾಲು ಕೊಟ್ಟು ನಡೆಸುತ್ತಿದೆ. ಅದನ್ನು ನಂಬಿಕೊಂಡು ಎಷ್ಟು ದಿನ ಇರಲು ಆಗುತ್ತದೆ? 2012ರಿಂದ ಟ್ಯಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ತವರಿನ ಪಂದ್ಯ ಆಡಿ ಒಂದಷ್ಟು ದುಡ್ಡು ಮಾಡಿಕೊಂಡೆವು. ಈಗ ಟ್ಯಾಸ್ಮೇನಿಯಾಗೆ ಅವರದ್ದೇ ಡೆವಿಲ್ಸ್ ಟೀಮ್ ಬರುತ್ತಿದೆ, 2028ರಲ್ಲಿ ಆಡಬೇಕು. ಅಲ್ಲಿ ನಮಗಿನ್ನು ಜಾಗ ಇಲ್ಲ. ಅದಕ್ಕೇ 2025ರಿಂದ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ಮತ್ತು ಬನ್‌ಬರಿಯಲ್ಲಿ ಆಡುತ್ತಿದ್ದೇವೆ. ಮೆಲ್ಬರ್ನ್ ಮೆಂಬರ್ ದುಡ್ಡು ಕಟ್ಟುತ್ತಾನೆ, ಪಂದ್ಯ ಮೂರು ಸಾವಿರ ಕಿಲೋಮೀಟರ್ ಆಚೆ ನಡೆಯುತ್ತದೆ. ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಅಲ್ಲಿ. ಇದಕ್ಕಿಂತ ನೇರವಾಗಿ ಮಾತಾಡುವುದು ಒಳ್ಳೆಯದಲ್ವಾ?

ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ಸಿಡ್ನಿಗೆ ಹೋಯಿತು. ಎಷ್ಟೋ ಜನ ಶಾಪ ಹಾಕಿದರು. 2005ರಲ್ಲಿ ಅದೇ ಸ್ವಾನ್ಸ್ 72 ವರ್ಷದ ನಂತರ ಕಪ್ ಗೆದ್ದಾಗ ಕೆಂಪು ಬಿಳಿ ಬಟ್ಟೆ ತೊಟ್ಟು ಅತ್ತ ಹಳಬರಲ್ಲಿ ಸೌತ್ ಮೆಲ್ಬರ್ನ್‌ನವರೂ ಇದ್ದರು. ಕ್ಲಬ್ ಸಾಯುವುದಕ್ಕಿಂತ ಹೋಗಿ ಬದುಕಲಿ ಅನ್ನುವುದು ನನ್ನ ಮಾತು. ಸಂತೋಷದಿಂದ ಹೇಳುತ್ತಿಲ್ಲ.

ನಾರ್ತ್‌ಕೋಟ್‌ನಿಂದ

ಪಾಯಿಂಟ್ ಕುಕ್ ಸರ್, ಸಿಡ್ನಿ ಕಥೆ ಹೇಳಿದಿರಿ. ಫಿಟ್ಜ್‌ರಾಯ್ ಕಥೆಯನ್ನೂ ಹೇಳಬೇಕು.

ನಾನು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರು ಫಿಟ್ಜ್‌ರಾಯ್ ಅಭಿಮಾನಿ. ದುಡ್ಡಿಲ್ಲದೆ ಮುಳುಗುತ್ತಿದ್ದ ಆ ಕ್ಲಬ್ 1996ರಲ್ಲಿ ನಮ್ಮ ನಾರ್ತ್ ಜೊತೆಗೇ ಸೇರಬೇಕಿತ್ತು. ಹಾಗಾದರೆ ಟೀಮ್ ತುಂಬಾ ಬಲವಾಗುತ್ತದೆ ಅಂತ ಬೇರೆ ಕ್ಲಬ್‌ಗಳು ಒಪ್ಪಲಿಲ್ಲ. ಬ್ರಿಸ್ಬೇನ್ ಜೊತೆ ಸೇರಿಸಿದರು. ಆ ವರ್ಷ ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ವಿರುದ್ಧ ಕೊನೆಯ ಪಂದ್ಯ. ತವರಿನ ಜನಕ್ಕೆ ಕೊನೆಯ ಸಲ ಹತ್ತಿರದಿಂದ ನೋಡಲೂ ಆಗಲಿಲ್ಲ.

ಬ್ರಿಸ್ಬೇನ್ ಲಯನ್ಸ್ ಆಮೇಲೆ 2001, 2002, 2003ರಲ್ಲಿ ಸಾಲಾಗಿ ಗೆದ್ದರು. ನಮ್ಮ ಮಾಲೀಕರ ಅಣ್ಣ ಲಯನ್ಸ್‌ಗೆ ಕೂಗಿದರು, ಮಾಲೀಕರು ಟಿವಿ ಹಾಕಲೇ ಇಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಕ್ಲಬ್ ಹೋದ ಮೇಲೆ ಶನಿವಾರ ಭೇಟಿ ಆಗುವುದು ನಿಂತುಹೋಯಿತು. ಗ್ಯಾರೇಜಿನಲ್ಲಿ ಹಳೆಯ ಜಂಪರನ್ನು ಪ್ಲಾಸ್ಟಿಕ್ ಹಾಕಿ ನೇತುಹಾಕಿದ್ದರು. ನಾನು ಮನೆ ಖಾಲಿ ಮಾಡುವವರೆಗೂ ಅದು ಅಲ್ಲೇ ಇತ್ತು. ಸೇರಿಸುವುದು, ಕಳಿಸುವುದು ಕಾಗದದ ಮೇಲೆ ಸುಲಭ.

ಫುಟ್‌ಸ್ಕ್ರೇಯಿಂದ

ನಾವು ಬುಲ್‌ಡಾಗ್ಸ್ (ಫುಟ್‌ಸ್ಕ್ರೇ ಕ್ಲಬ್) ಮನೆಯವರು, ಆದರೂ ಹೇಳಬೇಕು ಅನ್ನಿಸಿತು. 1925ರಲ್ಲಿ ಲೀಗಿಗೆ ಒಟ್ಟಿಗೆ ಬಂದವರು ನಾವು: ಫುಟ್‌ಸ್ಕ್ರೇ, ನಾರ್ತ್, ಹಾಥಾರ್ನ್. ಮೂವರನ್ನೂ ಒಂದಲ್ಲ ಒಂದು ಕಾಲದಲ್ಲಿ ಮುಗಿಸಲು ಹೊರಟಿದ್ದರು.

1989ರಲ್ಲಿ ಫುಟ್‌ಸ್ಕ್ರೇಯನ್ನು ಫಿಟ್ಜ್‌ರಾಯ್ ಜೊತೆ ಸೇರಿಸುತ್ತೇವೆ ಅಂತ ಘೋಷಿಸಿಯೇ ಬಿಟ್ಟಿದ್ದರು. ನಮ್ಮ ಪಕ್ಕದ ಮನೆಯ ವಿಯೆಟ್ನಾಮಿ ಅಂಕಲ್ ಆಗ ಹೊಸದಾಗಿ ಬಂದವರು. ಡಬ್ಬಿ ಹಿಡಿದು ಬೀದಿ ಬೀದಿ ಸುತ್ತಿದ್ದನ್ನು ಈಗಲೂ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಸುಮಾರು 15 ಲಕ್ಷ ಡಾಲರ್ ಕೂಡಿತು, ಕ್ಲಬ್ ಉಳಿಯಿತು. 2016ರಲ್ಲಿ ಏಳನೇ ಸ್ಥಾನದಿಂದ ಫೈನಲ್ಸ್‌ಗೆ ಹೋಗಿ ಕಪ್ ಗೆದ್ದೆವು, 1954ರ ನಂತರ ಮೊದಲ ಸಲ. ಗಾಯವಾಗಿ ಆಡಲಾಗದ ನಾಯಕ ಬಾಬ್ ಮರ್ಫಿಯ ಕೊರಳಿಗೆ ಕೋಚ್ ಬೆವರಿಜ್ ತಮ್ಮ ಪದಕವನ್ನೇ ತೆಗೆದು ಹಾಕಿದರು. ಅಂಕಲ್ ಮತ್ತು ನನ್ನ ಮಾವ ಭಾಷೆ ಬರದೆ ಸುಮ್ನೆ ತಬ್ಬಿಕೊಂಡು ನಿಂತಿದ್ದರು.

ರಿಚ್‌ಮಂಡ್ ಕೂಡ 1990ರಲ್ಲಿ ಹೀಗೇ ಡಬ್ಬಿ ಹಿಡಿದ ಕ್ಲಬ್. 2017ರಲ್ಲಿ ಗೆದ್ದಿತು. ಈಗ ಅದನ್ನು ಯಾರೂ ಚಿಕ್ಕ ಕ್ಲಬ್ ಅನ್ನುವುದಿಲ್ಲ.

ಟಾರ್ನೀಟ್‌ನಿಂದ

ಇಷ್ಟು ಬೇಸರ ಯಾಕೆ? ನಾವು ಆರ್‌ಸಿಬಿಗೆ 2008ರಿಂದ ಕಾದೆವು. "ಈ ಸಲ ಕಪ್ ನಮ್ದೇ" ಅಂತ ಪ್ರತಿ ವರ್ಷ ಹೇಳಿ, 18ನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು ಗೆದ್ದೆವು. ಮಗನಿಗೆ ಇದೊಂದು ಕಥೆ ಸಾಕು.

ಮೂನಿ ಪಾಂಡ್ಸ್‌ನವರು ಮತ್ತೆ

ಕಾಯುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಾರ್ತ್ ಕೂಡ 1925ರಲ್ಲಿ ಸೇರಿ ಮೊದಲ ಕಪ್ ಗೆದ್ದದ್ದು 1975ರಲ್ಲಿ, 50 ವರ್ಷ. ಆಮೇಲೆ 1977, 1996, 1999. ಆದರೆ ಆರ್‌ಸಿಬಿ ಸೋತಾಗ ನಮಗೆ ಕಪ್ ಬರಲಿಲ್ಲ ಅನ್ನುವ ನೋವಿತ್ತು, ಟೀಮೇ ಇರುವುದಿಲ್ಲ ಅನ್ನುವ ಭಯ ಇರಲಿಲ್ಲ. ಈ ಹುಡುಗ ಊಟ ಬಿಟ್ಟಿದ್ದು ಆ ಭಯಕ್ಕೆ.

ಎಸೆಂಡನ್‌ನಿಂದ, ನಾರ್ತ್ ಮೆಂಬರ್, 13 ವರ್ಷದ ಮಗಳ ತಂದೆ

ಅಕ್ಕ, ನಿಮ್ಮ ಪರಿಸ್ಥಿತಿ ನನಗೆ ಚೆನ್ನಾಗಿ ಗೊತ್ತು. ನಾವು ಮಾಡಿದ್ದನ್ನು ಹೇಳುತ್ತೇನೆ.

2022ರಲ್ಲಿ ಇಡೀ ವರ್ಷಕ್ಕೆ 2 ಗೆಲುವು. ಜುಲೈನಲ್ಲಿ ಕೋಚ್ ಕ್ಲಬ್ ಬಿಟ್ಟು ಹೋದ ವಾರ ಮಗಳು ಪಂದ್ಯಕ್ಕೆ ಬರಲ್ಲ ಅಂದಳು. ಟಿಕೆಟ್ ಇದೆ, ಒಂದೇ ಕ್ವಾರ್ಟರ್ ನೋಡಿ ಬರೋಣ ಅಂತ ಕರೆದುಕೊಂಡು ಹೋದೆ. ಆವತ್ತು ರಿಚ್‌ಮಂಡ್ ವಿರುದ್ಧ 4 ಪಾಯಿಂಟ್‌ನಲ್ಲಿ ಗೆದ್ದೆವು. ಸೈರನ್ ಕೂಗಿದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರೊಬ್ಬರು ಅವಳನ್ನು ಎತ್ತಿ ಹಿಡಿದು ಕುಣಿದರು. ಅವಳು ಅದನ್ನು ಇನ್ನೂ ಮರೆತಿಲ್ಲ.

2023 ಇನ್ನೂ ಕಷ್ಟ. ಮೊದಲ ಎರಡು ಪಂದ್ಯ ಗೆದ್ದು, ಆಮೇಲೆ ಸಾಲಾಗಿ 20 ಸೋಲು. ಕೊನೆಯ ಪಂದ್ಯ ಹೋಬಾರ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ವಿರುದ್ಧ. ಕೊನೆಯ ಸ್ಥಾನದ ಟೀಮ್‌ಗೆ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಆರಿಸುವಾಗ) ಮೊದಲ ಆಯ್ಕೆ ಸಿಗುತ್ತದೆ, ಸೋತರೇ ಒಳ್ಳೆಯದು ಅಂತ ದೊಡ್ಡವರೆಲ್ಲ ಲೆಕ್ಕ ಹೇಳುತ್ತಿದ್ದರು. ಮಗಳು ನನ್ನ ಮುಖ ನೋಡಿ, "ಅಪ್ಪ, ನಾವು ಸೋಲಲಿ ಅಂತ ನೀನೂ ಕೇಳ್ಕೋತಿದ್ದೀಯಾ?" ಅಂದಳು. ನನಗೆ ನಾಚಿಕೆಯಾಯಿತು. ಟೀಮ್ ಗೆದ್ದಿತು. ಮೊದಲ ಆಯ್ಕೆ ವೆಸ್ಟ್ ಕೋಸ್ಟ್‌ಗೆ ಹೋಯಿತು, ಹಾರ್ಲಿ ರೀಡ್ ಅಲ್ಲಿಗೆ ಹೋದ. ಆ ಗೆಲುವು ಬೇಡವಾಗಿತ್ತು ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಹೇಳುವುದಿಲ್ಲ. ಮೊದಲ ಆಯ್ಕೆಯ ಹುಡುಗ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. 2021ರಲ್ಲಿ ನಾವು ಮೊದಲ ಆಯ್ಕೆಯಲ್ಲಿ ತಗೊಂಡ ಆಟಗಾರ ಒಂದೇ ವರ್ಷಕ್ಕೆ ಬಿಟ್ಟುಹೋದ. ಮರುವರ್ಷ ಮೂರನೇ ಆಯ್ಕೆಯಲ್ಲಿ ಬಂದ ಹ್ಯಾರಿ ಶೀಝಲ್ ಮೊದಲ ವರ್ಷವೇ ಕ್ಲಬ್ಬಿನ ಅತ್ಯುತ್ತಮ ಆಟಗಾರನಾದ.

ಮಗುವಿನ ವಿಷಯಕ್ಕೆ ಬರುತ್ತೇನೆ. ನಾವು ಲ್ಯಾಡರ್ (ಅಂಕಪಟ್ಟಿ) ನೋಡುವುದು ಕಡಿಮೆ ಮಾಡಿದೆವು. ಪಂದ್ಯಕ್ಕೆ ಹೋಗುವಾಗ ಅವಳು ಒಬ್ಬ ಆಟಗಾರನನ್ನು ಆರಿಸುತ್ತಾಳೆ. ಎಷ್ಟು ಟ್ಯಾಕಲ್ (ಎದುರಾಳಿಯನ್ನು ಹಿಡಿದದ್ದು), ಎಷ್ಟು ಮಾರ್ಕ್ (ಒದ್ದ ಚೆಂಡನ್ನು ಹಿಡಿದದ್ದು) ಅಂತ ಪುಸ್ತಕದಲ್ಲಿ ಬರೆಯುತ್ತಾಳೆ. 60 ಪಾಯಿಂಟ್‌ನಲ್ಲಿ ಸೋತರೂ ಮನೆಗೆ ಬರುವಾಗ ಮಾತಾಡಲು ಏನಾದರೂ ಇರುತ್ತದೆ. ಶಾಲೆ ರಜೆಯಲ್ಲಿ ಆರ್ಡನ್ ಸ್ಟ್ರೀಟ್‌ಗೆ ಟ್ರೇನಿಂಗ್ ನೋಡಲು ಹೋಗುತ್ತೇವೆ. ನೀವು ಇರುವುದೇ ಪಕ್ಕದಲ್ಲಿ, ಖಂಡಿತ ಹೋಗಿ.

ಇನ್ನೊಂದು ಮುಖ್ಯ ಮಾತು. ನಿಮ್ಮ ಮಗ ಹುಡುಗಿಯರ ಟೀಮ್ ನೋಡುತ್ತಾನಾ? ನಾರ್ತ್ ಹುಡುಗಿಯರು 2024ರಲ್ಲಿ ಒಂದೂ ಪಂದ್ಯ ಸೋಲದೆ ಕಪ್ ಗೆದ್ದರು. 2025ರಲ್ಲಿ ಮತ್ತೆ ಗೆದ್ದರು. ಅದೇ ಜಂಪರ್, ಅದೇ ಮೈದಾನ. "ನಾರ್ತ್ ಯಾವಾಗಲೂ ಸೋಲುತ್ತೆ" ಅಂತ ಯಾರಾದರೂ ಅಂದರೆ ಅವನು ತಲೆ ಎತ್ತಿ ಉತ್ತರ ಕೊಡಬಹುದು.

ಬ್ರನ್ಸ್‌ವಿಕ್‌ನಿಂದ

ಒಂದು ವಿಷಯ ಯಾರೂ ಹೇಳಲಿಲ್ಲ. ಆರ್ಡನ್ ಸ್ಟ್ರೀಟ್‌ನಲ್ಲೇ 2010ರಿಂದ "ಹಡಲ್" ಅಂತ ಇದೆ. ಹೊಸದಾಗಿ ಬಂದ ಕುಟುಂಬಗಳ ಮಕ್ಕಳಿಗೆ ಓದಿನಲ್ಲಿ, ಕೆಲಸ ಹುಡುಕುವುದರಲ್ಲಿ ಕ್ಲಬ್ ನೆರವಾಗುತ್ತದೆ. ನನ್ನ ಅಕ್ಕನ ಮಗಳು ಇಂಗ್ಲಿಷ್ ಸರಿಯಾಗಿ ಬರದೆ ಒದ್ದಾಡುತ್ತಿದ್ದಾಗ ಅಲ್ಲಿ ಹೋಂವರ್ಕ್‌ಗೆ ಕೂರುತ್ತಿದ್ದಳು. ಈಗ ನರ್ಸಿಂಗ್ ಓದುತ್ತಿದ್ದಾಳೆ. ಬೇರೆ ರಾಜ್ಯಕ್ಕೆ ಕಳಿಸೋಣ ಅನ್ನುವಾಗ ಇದನ್ನೂ ಲೆಕ್ಕಕ್ಕೆ ತಗೋಬೇಕು. ಜೊತೆಗೆ ಮೆಟ್ರೊ ಸುರಂಗದ ಆರ್ಡನ್ ಸ್ಟೇಷನ್ ಈಗ ತೆರೆದಿದೆ. ಸುತ್ತ ಹೊಸ ಮನೆಗಳು ಬರಲಿವೆ. ನಮ್ಮಂಥವರೇ ಬಂದು ಸೇರುವ ಜಾಗ ಅದು.

ಪಾಯಿಂಟ್ ಕುಕ್‌ನವರು ಮತ್ತೆ

ಎಲ್ಲ ಓದಿದೆ. ದುಡ್ಡಿನ ಬಗ್ಗೆ ನನ್ನ ಚಿಂತೆ ಹಾಗೇ ಇದೆ. ಆದರೆ ಬ್ರನ್ಸ್‌ವಿಕ್‌ನವರು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಕ್ಕ, ಪೂರ್ತಿ ಮೆಂಬರ್‌ಶಿಪ್ ಕಷ್ಟ ಅನ್ನಿಸಿದರೆ ಕೆಲವೇ ಪಂದ್ಯಗಳ ಚಿಕ್ಕದನ್ನು ತಗೊಳ್ಳಿ. ಅದೂ ಸಂಖ್ಯೆಗೆ ಸೇರುತ್ತದೆ. ನಾನಂತೂ ಈ ವರ್ಷವೂ ಕಟ್ಟುತ್ತೇನೆ.

ಕೇಳಿದ ತಾಯಿ

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ರಾತ್ರಿ ಮಗನನ್ನು ಕೂರಿಸಿಕೊಂಡು 2007ರ ಕಥೆ ಓದಿ ಹೇಳಿದೆ. ಹಾಲು ತಗೊಳ್ಳಲು ಬರುತ್ತಿದ್ದ ಅಜ್ಜಿಯ ಮಾತು ಬಂದಾಗ, "ಆಮೇಲೆ ಅವರು ಪಂದ್ಯಕ್ಕೆ ಹೋದರಾ ಅಮ್ಮ?" ಅಂತ ಎರಡು ಸಲ ಕೇಳಿದ. ಮೂನಿ ಪಾಂಡ್ಸ್ ಸರ್, ನಿಮಗೆ ಗೊತ್ತಿದ್ದರೆ ಹೇಳಿ, ಅವನು ಕಾಯುತ್ತಿದ್ದಾನೆ.

ಯಜಮಾನರೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಬೆಳಗ್ಗೆ ಎದ್ದು ನೋಡಿದರೆ ಮೂರು ಜನರ ಮೆಂಬರ್‌ಶಿಪ್‌ಗೆ ಅವರೇ ದುಡ್ಡು ಕಟ್ಟಿದ್ದರು.

ಮೂನಿ ಪಾಂಡ್ಸ್‌ನವರು

ಹೋದರು ಅಂತ ಹೇಳಿ ಮೇಡಂ. 2008ರ ಸೀಸನ್ ಶುರುವಾದ ಮೇಲೆ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ನಾನು ನೋಡಿದ ಮೊದಲ ಪಂದ್ಯ ಅದೇ.