ಮೂವರು ಮಕ್ಕಳು, ಮೂರು ರುಚಿ: ಬೆಳಗಿನ ಸಿಹಿ ಬನ್ ಬಗ್ಗೆ ನಿಮ್ಮ ಅನುಭವ ತಿಳಿಸಿ

ಪ್ರಶ್ನೆ

ನಮ್ಮ ಮನೆಯಲ್ಲಿ ಮೂವರು ಮಕ್ಕಳಿದ್ದಾರೆ: ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಮತ್ತು ನಾದಿನಿಗೆ ಪರಊರಿನಲ್ಲಿ ಕೆಲಸವಾದ್ದರಿಂದ ಈ ವರ್ಷ ನಮ್ಮಲ್ಲಿಯೇ ಇರುವ ಆಕೆಯ ನಾಲ್ಕು ವರ್ಷದ ಮಗ. ವಾರವಿಡೀ ಇಡ್ಲಿ, ದೋಸೆ, ಉಪ್ಪಿಟ್ಟು ನಡೆಯುತ್ತದೆ. ಶನಿವಾರ ಬೆಳಗಿನ ಶಾಲೆಯ ದಿನ ಮಾತ್ರ ಮನೆಯಲ್ಲಿಯೇ ಬೇಕ್ ಮಾಡಿದ ಸಿಹಿ ಬನ್ ಕೊಡುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಮಗಳಿಗೆ ಬೇಕರಿಯ ದಿಲ್‌ಪಸಂದ್‌ನಂತೆ ಒಳಗೆ ತೆಂಗಿನಕಾಯಿ, ಟುಟಿ ಫ್ರೂಟಿ ಇರಬೇಕು. ಮಗನಿಗೆ ತೆಂಗಿನ ತುರಿ ನಾಲಿಗೆಗೆ ತಾಗಿದರೆ ಸಾಕು, ತಟ್ಟೆ ದೂಡಿಬಿಡುತ್ತಾನೆ. ಅವನಿಗೆ ಚಾಕೊಲೇಟ್ ಬೇಕು. ಚಿಕ್ಕವನಿಗೆ ಹೆಚ್ಚು ಸಿಹಿಯೇ ಹಿಡಿಸುವುದಿಲ್ಲ, ಮೆತ್ತಗಿನ ಬೆಣ್ಣೆ ಬನ್ ಆದರೆ ಸಾಕು, ಒಣದ್ರಾಕ್ಷಿ ಸಿಕ್ಕಿದರೆ ಉಗುಳುತ್ತಾನೆ.

ಮೂರು ಬಗೆ ಮಾಡಲು ಬೆಳಗಿನ ಹೊತ್ತು ಸಾಲದು. ಒಂದೇ ಬಗೆ ಮಾಡಿದರೆ ಇಬ್ಬರ ತಟ್ಟೆಯಲ್ಲಿ ಹಾಗೆಯೇ ಉಳಿಯುತ್ತದೆ. ಶಾಲೆಯ ವ್ಯಾನು ಏಳೂಮುಕ್ಕಾಲಿಗೆ ಬರುತ್ತದೆ. ನಾವು ಮೊಟ್ಟೆ ಬಳಸುವುದಿಲ್ಲ. 28 ಲೀಟರಿನ ಓವನ್ ಇದೆ. ಕಳೆದ ವಾರ ಅರ್ಧ ಕಿಲೋ ಮೈದಾಕ್ಕೆ ಒಂದು ದೊಡ್ಡ ಲೋಟ ಸಕ್ಕರೆ ಹಾಕಿ, ಕಾಯಿಸಿದ ಹಾಲಿನಲ್ಲಿ ಯೀಸ್ಟ್ ಕದಡಿ ಮಾಡಿದ ಬನ್ನು ಉಬ್ಬಲೇ ಇಲ್ಲ, ಕಲ್ಲಿನಂತಾಯಿತು. ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ದಾರಿ ತೋರಿಸಬೇಕು.

ಮೈಸೂರಿನಿಂದ

ನಮ್ಮ ಮನೆಯಲ್ಲಿಯೂ ಇಬ್ಬರು ಮಕ್ಕಳ ನಾಲಿಗೆ ಎರಡು ದಿಕ್ಕಿಗೆ ತಿರುಗಿರುವುದರಿಂದ ನಿಮ್ಮ ಕಷ್ಟ ನನಗೆ ಚೆನ್ನಾಗಿ ತಿಳಿಯುತ್ತದೆ. ಆರು ವರ್ಷ ಬೇಕ್ ಮಾಡಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಕಣಕ ಎಲ್ಲರಿಗೂ ಒಂದೇ ಇರಲಿ, ಅದು ಸಪ್ಪೆಗೆ ಹತ್ತಿರವಿರಲಿ, ಸಿಹಿಯೂ ರುಚಿಯೂ ಹೂರಣದಲ್ಲಿ ಬರಲಿ. ಹೋಳಿಗೆ ಮಾಡುವವರಿಗೆ ಇದು ಹೊಸ ಮಾತಲ್ಲ. ಬೇಳೆ ಹೂರಣವಾಗಲಿ, ಕಾಯಿ ಹೂರಣವಾಗಲಿ, ಕಣಕವನ್ನು ನಾವು ಬೇರೆ ಬೇರೆ ಕಲಸುವುದಿಲ್ಲ.

ನಿಮ್ಮ ಬನ್ನು ಕಲ್ಲಾದದ್ದಕ್ಕೂ ಇದಕ್ಕೂ ಸಂಬಂಧವಿದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿದಾಗ ಮಾವಿನ ಹೋಳು ನೀರು ಬಿಡುವುದನ್ನು ನೋಡಿದ್ದೀರಲ್ಲ, ಕಣಕದಲ್ಲಿ ಸಕ್ಕರೆ ಹೆಚ್ಚಾದಾಗ ಯೀಸ್ಟ್‌ಗೆ ಆಗುವುದೂ ಅದೇ. ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಯೀಸ್ಟ್ ಸೊರಗಿ ತನ್ನ ಕೆಲಸವನ್ನು ಬಹಳ ನಿಧಾನಗೊಳಿಸುತ್ತದೆ. ಹಿಟ್ಟಿನ ತೂಕದ ನೂರಕ್ಕೆ ಎಂಟು ಹತ್ತರಷ್ಟು ಸಕ್ಕರೆಯಾದರೆ ಅದಕ್ಕೆ ತೊಂದರೆಯಿಲ್ಲ. ನೀವು ಹಾಕಿದ ಒಂದು ದೊಡ್ಡ ಲೋಟವೆಂದರೆ ಹೆಚ್ಚುಕಡಿಮೆ ನಲವತ್ತರಷ್ಟು. ಜೊತೆಗೆ ಹಾಲು ಬಿಸಿಯಾಗಿತ್ತು. ಸುಮಾರು 60 ಡಿಗ್ರಿಗೆ ಯೀಸ್ಟ್ ಸತ್ತೇ ಹೋಗುತ್ತದೆ. ಕೂಸಿಗೆ ಕುಡಿಸುವಷ್ಟು ಉಗುರುಬೆಚ್ಚಗಿರುವ ಹಾಲು, ಅಂದರೆ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಸುಡದಷ್ಟು ಬಿಸಿ, ಸಾಕು.

ನನ್ನ ಅಳತೆಯನ್ನು ನಿಮ್ಮ ಮಕ್ಕಳ ಲೆಕ್ಕಕ್ಕೆ ತಂದು ಬರೆಯುತ್ತೇನೆ, ಒಬ್ಬೊಬ್ಬರಿಗೆ ಮೂರರಂತೆ ಒಂಬತ್ತು ಬನ್ನು ಬರುತ್ತದೆ. 240 ಗ್ರಾಂ ಮೈದಾ, 60 ಗ್ರಾಂ ಗೋಧಿಹಿಟ್ಟು, 25 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 200 ಮಿಲಿ ಉಗುರುಬೆಚ್ಚಗಿನ ಹಾಲು, ಕೊನೆಯಲ್ಲಿ ಸೇರಿಸಲು 30 ಗ್ರಾಂ ಮೆತ್ತಗಿನ ಬೆಣ್ಣೆ. ಕಲಸಿದ ಹೊಸತರಲ್ಲಿ ಕಣಕ ಕೈಗೆ ಅಂಟುತ್ತದೆ. ಆಗ ಹಿಟ್ಟು ಉದುರಿಸುವ ಆಸೆಯಾಗುತ್ತದೆ, ದಯವಿಟ್ಟು ಉದುರಿಸಬೇಡಿ; ಬನ್ನು ಗಟ್ಟಿಯಾಗಲು ಅದೂ ಒಂದು ಕಾರಣ. ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಹತ್ತು ಹನ್ನೆರಡು ನಿಮಿಷ ನಾದಿದರೆ ಅದು ತಾನಾಗಿಯೇ ಕೈ ಬಿಡುತ್ತದೆ. ಒಂದು ಚಿಕ್ಕ ಉಂಡೆ ತೆಗೆದು ಬೆರಳುಗಳಿಂದ ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ಪೊರೆಯಂತಾಗಿ, ಆಚೆಯ ಬೆರಳಿನ ನೆರಳು ಕಂಡರೆ ನಾದಿದ್ದು ಸಾಕು.

ಬೆಳಗಿನ ಹೊತ್ತು ಉಳಿಸುವ ಉಪಾಯವೆಂದರೆ ಶುಕ್ರವಾರ ರಾತ್ರಿಯೇ ತುಂಬಿ ಮುಗಿಸುವುದು. ಸಂಜೆ ಏಳಕ್ಕೆ ನಾದಿ ಮುಚ್ಚಿಟ್ಟರೆ ಎಂಟೂಕಾಲರ ಹೊತ್ತಿಗೆ ಕಣಕ ಎರಡರಷ್ಟಾಗಿರುತ್ತದೆ. ಒಂಬತ್ತು ಉಂಡೆ ಮಾಡಿ, ಹೂರಣ ತುಂಬಿ, ಎಣ್ಣೆ ಸವರಿದ ತಟ್ಟೆಯಲ್ಲಿ ಜೋಡಿಸಿ, ಮೇಲ್ಮೈ ಒಣಗದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ತಂಪಿನಲ್ಲಿ ಯೀಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ, ಬನ್ನಿಗೆ ಒಳ್ಳೆಯ ಪರಿಮಳವೂ ಬರುತ್ತದೆ. ಬೆಳಗ್ಗೆ ಐದೂವರೆಗೆ ಹೊರಗಿಟ್ಟು, ಆರೂಮುಕ್ಕಾಲಿಗೆ ಹಾಲು ಸವರಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ ಬೇಯಿಸಿ. ಹೊರಗೆ ತೆಗೆದ ಕೂಡಲೇ ಬೆಣ್ಣೆ ಸವರಿ ತೆಳು ಬಟ್ಟೆ ಮುಚ್ಚಿದರೆ ಮೇಲಿನ ಸಿಪ್ಪೆ ಮೆತ್ತಗಾಗುತ್ತದೆ. ಒಂದು ಎಚ್ಚರಿಕೆ: ಒಳಗೆ ಸಕ್ಕರೆಯಿರುವ ಬನ್ನಿನ ಹೂರಣ ಬಹಳ ಹೊತ್ತು ಸುಡುವ ಹಾಗಿರುತ್ತದೆ, ಹೊರಗೆ ಆರಿದೆಯೆಂದು ಮಕ್ಕಳ ಕೈಗೆ ಕೊಡದೆ, ಮುರಿದು ಆರಿಸಿ ಕೊಡಿ.

ಮಗಳ ಮೂರಕ್ಕೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಟುಟಿ ಫ್ರೂಟಿಯನ್ನು ಅರ್ಧ ಚಮಚ ತುಪ್ಪದಲ್ಲಿ ಎರಡು ನಿಮಿಷ ಬಾಡಿಸಿ, ಪೂರ್ತಿ ಆರಿಸಿ ತುಂಬಿ. ಮಗನ ಮೂರಕ್ಕೆ ಒಂದು ಚಮಚ ಕೋಕೋ, ಎರಡು ಚಮಚ ಪುಡಿಸಕ್ಕರೆ, ಒಂದು ಚಮಚ ಬೆಣ್ಣೆ, ಒಂದು ಚಮಚ ರಸ್ಕ್ ಪುಡಿ ಸೇರಿಸಿ ಉಂಡೆ ಕಟ್ಟಿ. ರಸ್ಕ್ ಪುಡಿ ಕರಗಿದ್ದನ್ನು ಹೀರಿಕೊಳ್ಳುವುದರಿಂದ ಅದು ಕೆಳಗೆ ಸೋರಿ ಸೀಯುವುದಿಲ್ಲ. ಚಿಕ್ಕವನದು ಖಾಲಿ ಉಂಡೆ. ಬೆಂದ ಮೇಲೆ ಸೀಳಿ ಬೆಣ್ಣೆ ಹಚ್ಚಿದರಾಯಿತು.

ಇನ್ನೊಂದು ಮಾತು ಸಣ್ಣದೆಂದು ತೋರಬಹುದು, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ. ಬೆಂದ ಮೇಲೆ ಒಂಬತ್ತೂ ಒಂದೇ ಥರ ಕಾಣುತ್ತವೆ. ನನ್ನ ಮಗ ಒಮ್ಮೆ ಅಕ್ಕನ ಬನ್ನನ್ನು ಕಚ್ಚಿ, ಬಾಯಿಯಲ್ಲಿ ತುರಿ ಸಿಕ್ಕಿದ ಮೇಲೆ, ಆಮೇಲೆ ತಿಂಗಳವರೆಗೆ ಪ್ರತಿ ಬನ್ನನ್ನೂ ಬೆರಳಲ್ಲಿ ಬಿಡಿಸಿ ಹಿಂಡಿ ನೋಡಿದ ಬಳಿಕವೇ ತಿನ್ನುತ್ತಿದ್ದ. ಅಂದಿನಿಂದ ಗುರುತು ಹಾಕುತ್ತೇನೆ: ಕಾಯಿಯದಕ್ಕೆ ಮೇಲೆ ಬಿಳಿ ಎಳ್ಳು, ಚಾಕೊಲೇಟಿನದಕ್ಕೆ ಕತ್ತರಿಯ ತುದಿಯಿಂದ ಕೂಡುಗೀಟು, ಬೆಣ್ಣೆಯದು ನುಣ್ಣಗೆ. ಗುರುತು ಒಮ್ಮೆಯೂ ತಪ್ಪಬಾರದು. ರುಚಿಗೆ ಹಠ ಮಾಡುವ ಮಗು ತಿನ್ನುವ ಮೊದಲು ನಮ್ಮ ಮಾತನ್ನು ನಂಬಬೇಕಾಗುತ್ತದೆ.

ಉಡುಪಿಯಿಂದ

ಮೇಲಿನವರು ಹೇಳಿದ ಹೊತ್ತಿನ ಲೆಕ್ಕ ಮೈಸೂರಿನ ಹವೆಗೆ ಸರಿ, ನಮ್ಮ ಕರಾವಳಿಗೆ ಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಯಲ್ಲಿ ನಲವತ್ತು ನಿಮಿಷಕ್ಕೇ ಕಣಕ ಎರಡರಷ್ಟಾಗುತ್ತದೆ, ಗಂಟೆ ನೋಡುತ್ತಾ ಕುಳಿತರೆ ಹುಳಿ ವಾಸನೆ ಬರುತ್ತದೆ. ಗಡಿಯಾರಕ್ಕಿಂತ ಬೆರಳನ್ನು ನಂಬಿರಿ. ಹಿಟ್ಟಿನಲ್ಲಿ ಅದ್ದಿದ ಬೆರಳನ್ನು ಕಣಕಕ್ಕೆ ಚುಚ್ಚಿ ತೆಗೆದಾಗ ಗುಳಿ ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಹದ. ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಸಮಯ ಬೇಕು. ಗುಳಿ ಹಾಗೆಯೇ ಉಳಿದು ಸುತ್ತಲಿನ ಕಣಕ ಕುಸಿದರೆ ಹೊತ್ತು ಮೀರಿದೆ.

ಮಗಳ ಹೂರಣಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿ ನೋಡಿ. ಆದರೆ ಬೆಲ್ಲದ ತುರಿಯನ್ನು ಹಸಿಯಾಗಿ ತುಂಬಬಾರದು, ಒಳಗೆ ಕರಗಿ ಬನ್ನಿನ ತಳ ಹಸಿಹಸಿಯಾಗುತ್ತದೆ. ಅರಿಶಿನ ಎಲೆಯ ಕಡುಬಿಗೋ ಮೋದಕಕ್ಕೋ ಮಾಡುವ ಹಾಗೆ ಕಾಯಿಬೆಲ್ಲವನ್ನು ಬಾಣಲೆ ಬಿಡುವವರೆಗೆ ಕಾಯಿಸಿ, ಗಟ್ಟಿ ಉಂಡೆ ಕಟ್ಟಿ ಆರಿಸಿರಬೇಕು. ಬಾಳೆಹಣ್ಣು ಹಾಕುವ ಮನಸ್ಸಾದರೆ ಅದನ್ನು ದ್ರವವೆಂದೇ ಲೆಕ್ಕ ಹಿಡಿಯಿರಿ. ಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. 100 ಗ್ರಾಂ ಕಿವುಚಿದ ಹಣ್ಣಿಗೆ ಹಾಲು 75 ಮಿಲಿಯಷ್ಟು ಕಡಿಮೆ ಮಾಡಬೇಕು. ಹಸಿ ಅನಾನಸು ಮಾತ್ರ ಕಣಕಕ್ಕೆ ಬೇಡವೇ ಬೇಡ. ಅದರಲ್ಲಿರುವ ಕಿಣ್ವ ಹಿಟ್ಟಿನ ಅಂಟನ್ನೇ ಕಡಿದುಹಾಕಿ ಕಣಕವನ್ನು ನೀರಾಗಿಸುತ್ತದೆ. ಬೇಯಿಸಿದ ಹಣ್ಣಾದರೆ ತೊಂದರೆಯಿಲ್ಲ.

ಶಿವಮೊಗ್ಗದಿಂದ

ನಾನು ತಂದೆ, ಮನೆಯಲ್ಲಿ ಭಾನುವಾರದ ತಿಂಡಿ ನನ್ನದು. ಓವನ್ ಇಲ್ಲದವರೂ ಇದನ್ನು ಓದುತ್ತಿರಬಹುದೆಂದು ಬರೆಯುತ್ತಿದ್ದೇನೆ. ದಪ್ಪ ತಳದ ಕುಕ್ಕರಿನಲ್ಲಿ ಒಂದು ಅಂಗುಲ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳದ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ ತಟ್ಟೆ ಇಳಿಸುತ್ತೇನೆ. ಸಣ್ಣ ಉರಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಮೇಲ್ಭಾಗ ಕೆಂಪಾಗುವುದಿಲ್ಲ, ಬೆಣ್ಣೆ ಸವರಿದ ಕಾವಲಿಯ ಮೇಲೆ ಕವುಚಿ ಅರ್ಧ ನಿಮಿಷ ಇಟ್ಟರೆ ಬಣ್ಣ ಬರುತ್ತದೆ. ಉಪ್ಪನ್ನು ಡಬ್ಬಿಯಲ್ಲಿ ತೆಗೆದಿಟ್ಟು ಮತ್ತೆ ಇದಕ್ಕೇ ಬಳಸಬಹುದು, ಅಡುಗೆಗೆ ಬೇಡ.

ರಾಗಿಹಿಟ್ಟಿನ ವಿಷಯವನ್ನೂ ಹೇಳಬೇಕು. ಆರೋಗ್ಯಕ್ಕೆಂದು ಮಕ್ಕಳಿಗೆ ತಿಳಿಸದೆ ಮೈದಾದ ಅರ್ಧದಷ್ಟು ರಾಗಿ ಸೇರಿಸಿದ್ದೆ. ರಾಗಿಯಲ್ಲಿ ಹಿಗ್ಗುವ ಅಂಟಿಲ್ಲದ ಕಾರಣ ಬನ್ನು ಬಿರಿದು ಕುಳಿತಿತು, ಮಕ್ಕಳು ಮುಂದಿನ ವಾರವೂ ಅನುಮಾನದಿಂದಲೇ ನೋಡಿದರು. ಐದರಲ್ಲಿ ಒಂದು ಪಾಲು ಸಾಕು, ಮತ್ತು ಅದನ್ನು ಹೇಳಿಯೇ ಹಾಕಬೇಕು.

ಹಾಸನದಿಂದ

ನಮ್ಮ ತಂದೆಯವರು ಬೆಂಗಳೂರಿನ ಅಯ್ಯಂಗಾರ್ ಬೇಕರಿಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೋದ ಎಷ್ಟೋ ಕುಟುಂಬಗಳು ಆ ವೃತ್ತಿಯನ್ನು ಹಿಡಿದವು, ಮೊಟ್ಟೆಯಿಲ್ಲದೆ ಬ್ರೆಡ್ಡು, ಬನ್ನು ಮಾಡುವುದು ಆ ಬೇಕರಿಗಳ ಹಳೆಯ ಪದ್ಧತಿ. ಆದ್ದರಿಂದ ಮೊಟ್ಟೆಯಿಲ್ಲವೆಂಬ ಚಿಂತೆಯನ್ನು ತಾವು ಬಿಟ್ಟುಬಿಡಿ.

ಉಂಡೆ ಕಟ್ಟುವ ಕೆಲಸ ಹೆಚ್ಚೆನಿಸಿದ ವಾರ ತಮ್ಮ ಮಗಳು ಮೆಚ್ಚುವ ದಿಲ್‌ಪಸಂದನ್ನೇ ಮೂವರಿಗೂ ಮಾಡಬಹುದು. ಮೈಸೂರಿನವರು ಹೇಳಿದ ಕಣಕವನ್ನೇ ಎರಡು ಪಾಲು ಮಾಡಿ, ಎರಡು ದುಂಡು ಹಾಳೆ ಲಟ್ಟಿಸಿ. ಕೆಳಗಿನ ಹಾಳೆಯ ಅಂಚಿನಲ್ಲಿ ಒಂದು ಬೆರಳಗಲ ಬಿಟ್ಟು, ಒಳಗಿನ ಜಾಗವನ್ನು ಮೂರು ಭಾಗವಾಗಿ ವಿಂಗಡಿಸಿ, ಒಂದೊಂದು ಭಾಗದಲ್ಲಿ ಒಂದೊಂದು ಹೂರಣ ಹರಡಬೇಕು. ನಾನು ಮೊದಲು ಹೀಗೆ ಮಾಡಿದಾಗ ಕೋಕೋ ಕರಗಿ ಕಾಯಿಯ ಕಡೆಗೆ ಹರಿದಿತ್ತು. ಈಗ ಕಣಕದ ತೆಳುವಾದ ಬತ್ತಿ ಹೊಸೆದು, ಗದ್ದೆಗೆ ಬದು ಹಾಕುವ ಹಾಗೆ ಭಾಗಗಳ ನಡುವೆ ಇಡುತ್ತೇನೆ, ಒಂದು ಹನಿಯೂ ದಾಟುವುದಿಲ್ಲ. ಚಿಕ್ಕವನ ಭಾಗಕ್ಕೆ ಬೆಣ್ಣೆ ಮಾತ್ರ ಸವರಿದರೆ ಸಾಕು. ಅಂಚಿಗೆ ನೀರು ಹಚ್ಚಿ ಮೇಲಿನ ಹಾಳೆ ಒತ್ತಿ, ಹಬೆ ಹೊರಹೋಗಲು ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಅರ್ಧ ಗಂಟೆ ಉಬ್ಬಲು ಬಿಟ್ಟು ಬೇಯಿಸಿ. ಚುಚ್ಚುವುದನ್ನು ಮರೆತರೆ ಮೇಲಿನ ಹಾಳೆ ಬುಗ್ಗೆಯಂತೆ ಎದ್ದು ಹೂರಣದಿಂದ ಬೇರೆಯಾಗುತ್ತದೆ. ಬದುವಿನ ಗುಂಟ ಕತ್ತರಿಸಿದರೆ ಮೂವರ ಪಾಲೂ ಸಿಗುತ್ತದೆ.

ಬೆಳಗಾವಿಯಿಂದ

ನಾಲ್ಕು ವರ್ಷದ ಮಗು ಇರುವ ಮನೆಯಾದ್ದರಿಂದ ಒಂದೇ ಮಾತು. ಇಡೀ ಶೇಂಗಾ, ಗೋಡಂಬಿ ತುಂಬಬೇಡಿ. ಅವಸರದಲ್ಲಿ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿ ಹಾಕಿ. ಡಿಸೆಂಬರ್ ಚಳಿಯಲ್ಲಿ ಕಣಕ ಏಳದಿದ್ದರೆ, ಉರಿಸದ ಓವನ್‌ನೊಳಗೆ ಒಂದು ಪಾತ್ರೆ ಬಿಸಿನೀರಿನ ಜೊತೆ ಇಟ್ಟು ಬಾಗಿಲು ಮುಚ್ಚಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೈಮುಗಿದು ಬರೆಯುತ್ತಿದ್ದೇನೆ. ಈ ಶನಿವಾರ ಮೈಸೂರಿನವರು ಹೇಳಿದಂತೆಯೇ ಒಂಬತ್ತು ಬನ್ನು ಮಾಡಿದೆ. ಉಡುಪಿಯವರ ಬೆರಳಿನ ಪರೀಕ್ಷೆ ನನಗೆ ಬಹಳ ನೆರವಾಯಿತು. ಬೆಳಗ್ಗೆ ಆರೂಮುಕ್ಕಾಲಿಗೆ ಗುಳಿ ಇನ್ನೂ ಥಟ್ಟನೆ ಮುಚ್ಚಿಕೊಳ್ಳುತ್ತಿದ್ದುದರಿಂದ ಇನ್ನೂ ಹತ್ತು ನಿಮಿಷ ಬಿಟ್ಟೆ. ಎಲ್ಲವೂ ಉಬ್ಬಿ ಒಂದಕ್ಕೊಂದು ತಾಗಿ ಬೆಂದವು, ಬಿಡಿಸುವಾಗ ಪಕ್ಕದಲ್ಲಿ ಹತ್ತಿಯಂತೆ ಎಳೆ ಎಳೆಯಾಗಿ ಬಂತು. ಒಂದು ಚಾಕೊಲೇಟ್ ಬನ್ನಿನ ಕೂಡುಗೀಟನ್ನು ಆಳವಾಗಿ ಹಾಕಿದ್ದರಿಂದ ಒಳಗಿನದು ಸ್ವಲ್ಪ ಹೊರಬಂದು ತಟ್ಟೆಗೆ ಅಂಟಿತು. ಮುಂದಿನ ಸಲ ಗೀಟು ಮೇಲೆ ಮೇಲೆ ಹಾಕುತ್ತೇನೆ.

ಮಗಳು ತನ್ನದನ್ನು ಡಬ್ಬಿಗೂ ಹಾಕಿಸಿಕೊಂಡಳು. ಮಗ ಮೊದಲನೆಯದನ್ನು ಬಿಡಿಸಿ ನೋಡಿ, ಎರಡನೆಯದನ್ನು ನೋಡದೆಯೇ ಕಚ್ಚಿದ. ಚಿಕ್ಕವನು ತನ್ನ ನುಣ್ಣಗಿನ ಬನ್ನಿನಲ್ಲಿ ಅರ್ಧ ತಿಂದು, ಅಕ್ಕನದರ ಮೇಲಿದ್ದ ಎಳ್ಳನ್ನು ಒಂದೊಂದಾಗಿ ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತಾ ಕುಳಿತ. ಬರುವ ವಾರ ಅವನ ಮೂರರಲ್ಲಿ ಒಂದಕ್ಕೆ ಎಳ್ಳು ಹಾಕಿ ನೋಡಬೇಕೆಂದಿದ್ದೇನೆ. ಹಾಗೆ ಮಾಡಿದರೆ ಎಳ್ಳಿನ ಗುರುತು ಕೆಡುತ್ತದೆ, ಆದ್ದರಿಂದ ಮಗಳದಕ್ಕೆ ಗಸಗಸೆ ಹಾಕಬಹುದೇ, ಅದು ಒಲೆಯ ಶಾಖಕ್ಕೆ ಬೇಗ ಸೀಯುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಮೈಸೂರಿನಿಂದ

ಗಸಗಸೆ ಧಾರಾಳವಾಗಿ ಹಾಕಿ. ಹಾಲು ಸವರಿದ ಕೂಡಲೇ ಉದುರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅಂಟಿಕೊಳ್ಳುತ್ತದೆ, 180 ಡಿಗ್ರಿಗೆ ಸೀಯುವುದಿಲ್ಲ. ತಟ್ಟೆಯನ್ನು ಮಾತ್ರ ಮೇಲಿನ ಸರಳಿಗೆ ಹತ್ತಿರ ಇಡದೆ ಮಧ್ಯದಲ್ಲಿಡಿ. ಗುರುತು ಬದಲಾಗಿದೆಯೆಂದು ಮಗನಿಗೆ ಶುಕ್ರವಾರ ರಾತ್ರಿಯೇ ತೋರಿಸಿ ಹೇಳಿಡಿ.